ಹಿನ್ನೀರಿನ ದಂಡೆ ಮತ್ತು ತಂಗುಮನೆ

೧. ವಿಷಯಪ್ರವೇಶ

ಅಮೇರಿಕಾ ಸಂಯುಕ್ತ ಸಂಸ್ಥಾನದ ಮಧ್ಯಪಶ್ಚಿಮ ಭಾಗದಲ್ಲಿ, ಎಂದರೆ ಮಿನ್ನೆಸೋಟಾ, ವಿಸ್ಕಾನ್ಸಿನ್, ಮಿಶಿಗನ್, ಅಯೋವಾ ಮೊದಲಾದ ರಾಜ್ಯಗಳಲ್ಲಿ, ಬೇಸಿಗೆಯ ಬಿಡುವಿನ ಕಾಲಕ್ಕೆ ಜನರು ಕುಟುಂಬಸಮೇತರಾಗಿ ಸರೋವರದ ದಂಡೆಗೆ ಹೋಗಿ, ಮರದ ಚಿಕ್ಕ ಕುಟೀರಗಳಲ್ಲಿ ನಾಲ್ಕಾರು ದಿನ ಇದ್ದು ಬರುವ ರೂಢಿಯಿದೆ. ಕುಟೀರವೆಂದರೆ ಬಹುಶಃ ಒಂದೇ ಕೋಣೆ. ಒಂದರ ಮೇಲೊಂದು ಜೋಡಿಸಿದ ಮಲಗುವ ಹಲಗೆಗಳು. ಹೊರಗೆ ಒಲೆಯ ಕುಣಿ, ಒಂದು ಮೇಜು. ಹಾಸಿಗೆ, ಅಡಿಗೆಯ ಪಾತ್ರೆ ಮುಂತಾದವನ್ನು ಹೋಗುವವರೇ ಒಯ್ಯಬೇಕು. ಇಂಥ ಕುಟೀರಗಳನ್ನು ಅಲ್ಲಿಯ ಸರಕಾರಗಳೇ ಸಾರ್ವಜನಿಕ ಉದ್ಯಾನಗಳಲ್ಲಿ ಕಟ್ಟಿಸಿ, ಅಲ್ಪ ಬಾಡಿಗೆಗೆ ಕೊಡುತ್ತವೆ.

ಈ ವಿಷಯವನ್ನು ಪ್ರವಾಸ ಭೂಗೋಲದ ಪಾಠದಲ್ಲಿ ಹೇಳುವಾಗ ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜವಾಗಿದೆ. ನಮ್ಮಲ್ಲಿಯೂ ನೀರಿದೆ, ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ ತಾಲೂಕುಗಳ ಉತ್ತರಕ್ಕೆ ಕೃಷ್ಣೆ, ಮುಧೋಳದಿಂದ ಬೀಳಗಿಯ ಕಡೆಗೆ ಘಟಪ್ರಭೆ, ಇವೆರಡರ ಕೂಡಲಲ್ಲಿ ಆಲಮಟ್ಟಿಯ ಹಿನ್ನೀರು ಕಣ್ಣು ಹಾಯುವವರೆಗೆ ಹರಡಿದೆ. ಹೀಗಿರಲು ಇಲ್ಲಿಯ ದಂಡೆಯ ಮೇಲೆ ಅಂಥ ತಂಗುಮನೆಗಳು ಏಕೆ ಇರಬಾರದು? ಪ್ರಶ್ನೆ ಸರಳವಾದುದು, ಉತ್ತರವು ಅಷ್ಟು ಸರಳವಾದುದಲ್ಲ. ಏಕೆಂದರೆ ‘ದಂಡೆ’ ಎಂಬ ಒಂದೇ ಶಬ್ದವು ಎರಡು ಕಡೆಗಳಲ್ಲಿ ಎರಡು ಬೇರೆ ವಸ್ತುಗಳನ್ನು ಸೂಚಿಸುತ್ತದೆ. ಅಲ್ಲಿಯ ದಂಡೆ ನಿಂತಿದೆ. ಇಲ್ಲಿಯ ದಂಡೆ ನಡೆಯುತ್ತದೆ. ಈ ಭೇದವನ್ನು ವಿವರಿಸಿ, ಅದರಿಂದ ಹೊರಡುವ ನಿಯಮಗಳನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

೨. ನಿಂತ ದಂಡೆ

ಮಧ್ಯಪಶ್ಚಿಮದ ಉತ್ತರ ಭಾಗದ ಸರೋವರಗಳು ಹಿಮಯುಗದ ಕೊಡುಗೆಗಳು. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಮಹಾಹಿಮಪಟಲವು ಉತ್ತರಕ್ಕೆ ಸರಿದಾಗ, ಅದು ಕೊರೆದ ತಗ್ಗುಗಳಲ್ಲಿಯೂ, ಮಣ್ಣಿನಲ್ಲಿ ಹೂತುಹೋಗಿದ್ದ ಹಿಮಖಂಡಗಳು ಕರಗಿ ಉಂಟಾದ ಕುಣಿಗಳಲ್ಲಿಯೂ ನೀರು ನಿಂತಿತು. ಮಿನ್ನೆಸೋಟಾ ಒಂದರಲ್ಲಿಯೇ ಹತ್ತು ಎಕರೆಗಿಂತ ದೊಡ್ಡವಾದ ೧೧,೮೪೨ ಸರೋವರಗಳನ್ನು ಎಣಿಸಿದ್ದಾರೆ. ಮಳೆ, ಹಿಮ, ಅಂತರ್ಜಲಗಳಿಂದ ಬರುವ ನೀರೂ, ಆವಿಯಾಗಿಯೂ ತೊರೆಗಳಲ್ಲಿಯೂ ಹೋಗುವ ನೀರೂ ಬಹುಮಟ್ಟಿಗೆ ಸರಿಹೋಗುವುದರಿಂದ, ವರ್ಷದಲ್ಲಿ ನೀರಿನ ಮಟ್ಟವು ಸಾಮಾನ್ಯವಾಗಿ ಒಂದೆರಡು ಅಡಿಗಳಿಗಿಂತ ಹೆಚ್ಚು ಏರಿಳಿಯುವುದಿಲ್ಲ. ಅಜ್ಜನು ಕಂಡ ದಂಡೆಯನ್ನೇ ಮೊಮ್ಮಗನೂ ಕಾಣುತ್ತಾನೆ.

ಈ ಸ್ಥಿರತೆಯ ಮೇಲೆಯೇ ಅಲ್ಲಿಯ ಕುಟೀರಗಳ ವ್ಯವಸ್ಥೆಯೆಲ್ಲವೂ ನಿಂತಿದೆ. ಮಿಸಿಸಿಪಿ ನದಿಯ ಉಗಮಸ್ಥಾನವಾದ ಇಟಾಸ್ಕಾ ಸರೋವರದ ಸುತ್ತಲಿನ ಪ್ರದೇಶವನ್ನು ೧೮೯೧ರಲ್ಲಿಯೇ ರಾಜ್ಯದ ಉದ್ಯಾನವನ್ನಾಗಿ ಮಾಡಿದರು. ೧೯೩೩ರಿಂದ ೧೯೪೨ರವರೆಗೆ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನಿರುದ್ಯೋಗಿ ತರುಣರಿಗೆ ಕೆಲಸ ಕೊಡಲೆಂದು ಅಮೇರಿಕಾ ಸರಕಾರವು ನಡೆಸಿದ ನಿಸರ್ಗರಕ್ಷಣಾ ದಳದವರು, ದೇಶದ ಅನೇಕ ಉದ್ಯಾನಗಳಲ್ಲಿ ಮರದ ದಿಮ್ಮಿಗಳಿಂದಲೂ ಸ್ಥಳದ ಕಲ್ಲಿನಿಂದಲೂ ಕುಟೀರಗಳನ್ನು ಕಟ್ಟಿದರು. ಇವುಗಳಲ್ಲಿ ಹಲವು ಇಂದಿಗೂ ಉಪಯೋಗದಲ್ಲಿವೆ. ನೀರು ತನ್ನ ಸ್ಥಳವನ್ನು ಬಿಡದೆ ಇದ್ದುದರಿಂದಲೇ ಕುಟೀರಗಳೂ ತಮ್ಮ ಸ್ಥಳದಲ್ಲಿ ಉಳಿದುವು.

ಆದರೂ ಅಲ್ಲಿಯವರು ದಂಡೆಯನ್ನು ಕಣ್ಣಳತೆಗೆ ಬಿಟ್ಟಿಲ್ಲ. ೧೯೬೯ರಲ್ಲಿ ಮಿನ್ನೆಸೋಟಾ ರಾಜ್ಯವು ಸರೋವರತೀರಗಳ ನಿರ್ವಹಣೆಗಾಗಿ ಶಾಸನವನ್ನು ಮಾಡಿತು. ಆ ಕ್ರಮದಂತೆ ಪ್ರತಿಯೊಂದು ಸರೋವರಕ್ಕೂ ‘ಸಾಮಾನ್ಯ ಉಚ್ಚ ಜಲಮಟ್ಟ’ ಎಂಬ ಒಂದು ಗೆರೆಯಿದೆ. ನೀರು ಬಹುಕಾಲ ನಿಂತು, ಸಸ್ಯಗಳ ಬೆಳವಣಿಗೆಯಲ್ಲಿ ತನ್ನ ಗುರುತನ್ನು ಬಿಟ್ಟಿರುವ ಮಟ್ಟವೇ ಆ ಗೆರೆ. ಅಲ್ಲಿಂದ ಸರೋವರದ ವರ್ಗಕ್ಕನುಸಾರವಾಗಿ ೫೦ರಿಂದ ೧೫೦ ಅಡಿಗಳವರೆಗೆ ಹಿಂದೆ ಸರಿದು ಮನೆಯನ್ನು ಕಟ್ಟಬೇಕು. ದಂಡೆಯನ್ನು ಇಂದು ನೀರಿರುವ ಸ್ಥಳದಿಂದ ಅಳೆಯದೆ, ನೀರು ಬರಬಹುದಾದ ಸ್ಥಳದಿಂದ ಅಳೆಯಬೇಕೆಂಬ ತತ್ತ್ವವು ಇದರಲ್ಲಿ ಅಡಗಿದೆ. ನಮಗೆ ಮುಂದೆ ಬೇಕಾಗುವುದೂ ಇದೇ ತತ್ತ್ವ.

೩. ನಡೆಯುವ ದಂಡೆ

ಈಗ ನಮ್ಮ ನಾಡಿಗೆ ಬರೋಣ. ಬಾಗಲಕೋಟೆ ಜಿಲ್ಲೆಯಲ್ಲಿ ಹಿಮಯುಗವು ಕೊರೆದ ಸರೋವರಗಳಿಲ್ಲ. ಇಲ್ಲಿ ನಿಂತ ನೀರೆಂದರೆ ಮನುಷ್ಯನು ತಡೆದು ನಿಲ್ಲಿಸಿದ ನೀರು. ಕೆರೆ, ಬ್ಯಾರೇಜು ಅಥವಾ ಜಲಾಶಯ. ಇವುಗಳಲ್ಲಿ ಮುಖ್ಯವಾದುದು ಆಲಮಟ್ಟಿಯ ಜಲಾಶಯ. ಇದಕ್ಕೆ ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಈಗ ಅದು ಅವರ ಹೆಸರಿನಿಂದಲೇ ಸಾಗರವೆನಿಸಿದೆ. ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ನೀರು ನಿಲ್ಲಿಸುವ ಮಟ್ಟವು ಸಮುದ್ರಪಾತಳಿಯಿಂದ ೫೧೯.೬೦ ಮೀಟರು ಎಂದು ನಿಶ್ಚಿತವಾಯಿತು. ಆ ಮಟ್ಟದಲ್ಲಿ ಜಲಾಶಯದ ಸಂಗ್ರಹವು ಸುಮಾರು ೧೨೩ ಟಿ.ಎಂ.ಸಿ. ಅಡಿಗಳಷ್ಟಾಗುತ್ತದೆ.

ಜಲಾಶಯವು ನೋಡುವುದಕ್ಕೆಂದು ಕಟ್ಟಿದ್ದಲ್ಲ, ಬಳಸುವುದಕ್ಕೆಂದು ಕಟ್ಟಿದ್ದು. ಜೂನ್ ಕೊನೆಯಿಂದ ಸಹ್ಯಾದ್ರಿಯ ಮಳೆಯ ನೀರು ಕೃಷ್ಣೆಯಲ್ಲಿಯೂ ಘಟಪ್ರಭೆಯಲ್ಲಿಯೂ ಇಳಿದು ಬಂದು ಜಲಾಶಯವು ತುಂಬತೊಡಗುತ್ತದೆ. ಒಳ್ಳೆಯ ವರ್ಷದಲ್ಲಿ ಆಗಸ್ಟಿನ ಹೊತ್ತಿಗೆ ಅದು ತುಂಬಿ, ಮಳೆಗಾಲ ಮುಗಿಯುವವರೆಗೆ ಹಾಗೆಯೇ ನಿಲ್ಲುತ್ತದೆ. ಆ ಮೇಲೆ ಕಾಲುವೆಗಳಿಗೆ, ಕುಡಿಯುವುದಕ್ಕೆ, ವಿದ್ಯುತ್ತಿಗೆ ನೀರು ಹೋದಂತೆ ಮಟ್ಟವು ಇಳಿಯುತ್ತ ಹೋಗುತ್ತದೆ. ಬೇಸಿಗೆಯ ಕೊನೆಗೆ ಅದು ಹತ್ತು ಮೀಟರುಗಳಷ್ಟು ಇಳಿದ ವರ್ಷಗಳೂ ಉಂಟು.

ಈ ಹತ್ತು ಮೀಟರುಗಳು ಲಂಬವಾದ ಅಳತೆ. ದಂಡೆಯು ಅಡ್ಡಲಾಗಿ ಎಷ್ಟು ದೂರ ಸರಿಯುವುದೆಂಬುದು ನೆಲದ ಇಳಿಜಾರನ್ನು ಅವಲಂಬಿಸಿದೆ. ಇಪ್ಪತ್ತು ಮೀಟರು ನಡೆದರೆ ಒಂದು ಮೀಟರು ಇಳಿಯುವಂಥ ಕಲ್ಲುನೆಲದಲ್ಲಿ ನೀರಿನ ಅಂಚು ೨೦೦ ಮೀಟರು ಹಿಂದೆ ಸರಿಯುತ್ತದೆ. ಇನ್ನೂರು ಮೀಟರಿಗೆ ಒಂದು ಮೀಟರು ಇಳಿಯುವ ಎರೆಯ ಬಯಲಿನಲ್ಲಿ ಅದೇ ಅಂಚು ೨,೦೦೦ ಮೀಟರು, ಎಂದರೆ ಎರಡು ಕಿಲೋಮೀಟರು, ದೂರ ಹೋಗುತ್ತದೆ. ಹೊಳೆಸಾಲಿನ ಎರೆಯ ಹೊಲಗಳು ಬಹುತೇಕ ಸಮತಟ್ಟಾದವುಗಳೆಂಬುದನ್ನು ವಾಚಕರು ಬಲ್ಲರು. ಆದುದರಿಂದ ನವೆಂಬರದಲ್ಲಿ ನೀರಿನ ಅಂಚಿಗೆ ಕಟ್ಟಿದ ಕುಟೀರದಿಂದ ಮೇ ತಿಂಗಳಲ್ಲಿ ನೀರನ್ನು ಕಾಣಬೇಕಾದರೆ ಎರಡು ಕಿಲೋಮೀಟರು ಕೆಸರನ್ನೂ ಬಿರುಕುಬಿಟ್ಟ ಮಣ್ಣನ್ನೂ ದಾಟಿ ಹೋಗಬೇಕಾದೀತು. ಇದಕ್ಕೆ ಬದಲಾಗಿ ಮೇ ತಿಂಗಳಲ್ಲಿ ನೀರಿನ ಅಂಚಿಗೆ ಕಟ್ಟಿದರೆ ಆಗಸ್ಟಿನಲ್ಲಿ ಅದರ ಮಾಡೂ ಕಾಣಿಸದು.

ಬ್ಯಾರೇಜುಗಳ ಹಿಂದಿನ ನೀರಿನ ಸ್ವಭಾವ ತುಸು ಬೇರೆ. ೧೯೮೯ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಜಮಖಂಡಿ ಭಾಗದ ರೈತರು ತಮ್ಮ ಹಣದಿಂದಲೂ ಶ್ರಮದಿಂದಲೂ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜನ್ನು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದರ ಹೆಸರು. ಹಿಪ್ಪರಗಿಯಲ್ಲಿಯೂ ಕೃಷ್ಣೆಗೆ ಬ್ಯಾರೇಜು ಇದೆ. ಇವುಗಳಲ್ಲಿ ನೀರು ಬಹುಮಟ್ಟಿಗೆ ನದಿಯ ಎರಡು ದಡಗಳ ನಡುವೆಯೇ ಏರಿ ಇಳಿಯುವುದರಿಂದ ಅಂಚು ಅಷ್ಟು ದೂರ ಸರಿಯುವುದಿಲ್ಲ. ಆದರೆ ಇಲ್ಲಿ ಬೇರೊಂದು ಅಪಾಯವಿದೆ. ಮಹಾಪೂರದಲ್ಲಿ ನದಿಯು ದಡವನ್ನು ದಾಟಿ ಒಮ್ಮೆಲೇ ಹರಡುತ್ತದೆ. ೨೦೦೫, ೨೦೧೯ ಮತ್ತು ೨೦೨೧ರ ನೆರೆಗಳನ್ನು ಹೊಳೆಸಾಲಿನ ಯಾವ ಊರೂ ಮರೆತಿಲ್ಲ. ಜಲಾಶಯದ ದಂಡೆಯ ನಡಿಗೆಗೆ ಒಂದು ಕ್ರಮವಿದೆ. ನದಿಯ ನಡಿಗೆಗೆ ಅದಿಲ್ಲ.

ಮಧ್ಯಪಶ್ಚಿಮದಲ್ಲಿಯೂ ಮನುಷ್ಯನಿರ್ಮಿತ ಜಲಾಶಯಗಳುಂಟು. ಅಲ್ಲಿಯ ಅನುಭವವು ನಮ್ಮದಕ್ಕೆ ಹೆಚ್ಚು ಸಮೀಪವಾದುದು. ಅಯೋವಾ ನದಿಗೆ ಕಟ್ಟಿದ, ೧೯೫೮ರಲ್ಲಿ ಪೂರ್ಣಗೊಂಡ ಕೊರಾಲ್‌ವಿಲ್ ಅಣೆಕಟ್ಟಿನ ಕೋಡಿಯ ಕೆಳಗೆ ಜನರು ಡೇರೆ ಹಾಕಿ ತಂಗುವ ಒಂದು ಬಯಲಿತ್ತು. ೧೯೯೩ರ ಮಹಾಪೂರದಲ್ಲಿ ಆ ಕೋಡಿ ಮೊದಲ ಸಲ ಹರಿಯಿತು. ಸುಮಾರು ನಾಲ್ಕು ವಾರಗಳವರೆಗೆ ಹರಿಯಿತು. ರಸ್ತೆಯೂ, ತಂಗುಬಯಲಿನ ಒಂದು ಭಾಗವೂ ಕೊಚ್ಚಿಹೋಗಿ, ಕೆಳಗೆ ಮೂವತ್ತೇಳೂವರೆ ಕೋಟಿ ವರ್ಷಗಳಷ್ಟು ಹಳೆಯ ಸಮುದ್ರತಳದ ಜೀವಾವಶೇಷಗಳ ಶಿಲೆ ಹೊರಬಿದ್ದಿತು. ಈಗ ಭೂವಿಜ್ಞಾನದ ವಿದ್ಯಾರ್ಥಿಗಳು ಅದನ್ನು ನೋಡಲು ಹೋಗುತ್ತಾರೆ. ೨೦೦೮ರಲ್ಲಿ ಕೋಡಿ ಮತ್ತೊಮ್ಮೆ ಹರಿಯಿತು. ಮೂವತ್ತೈದು ವರ್ಷ ನೀರು ಬಾರದ ಸ್ಥಳಕ್ಕೆ ಮುಂದೆಯೂ ಬಾರದೆಂದು ನಂಬುವಂತಿಲ್ಲವೆಂಬುದಕ್ಕೆ ಇದು ಸಾಕ್ಷಿಯಾಗಿದೆ.

೪. ಎರೆ ಮತ್ತು ಮಡ್ಡಿ

ನೀರಿನ ಮಾತಾಯಿತು, ಇನ್ನು ನೆಲದ ಮಾತು. ಈ ನಾಲ್ಕು ತಾಲೂಕುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ನೆಲವನ್ನು ಕಾಣುತ್ತೇವೆ: ಹೊಳೆಸಾಲಿನ ಕರಿಯ ಎರೆ ಮತ್ತು ಎತ್ತರದ ಕಲ್ಲುಮಡ್ಡಿ. ಎರೆಯಲ್ಲಿರುವ ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಯ ಹೊಲದ ಬಿರುಕಿನಲ್ಲಿ ಕೈ ಇಳಿಸಬಹುದು. ಇಂಥ ನೆಲದ ಮೇಲೆ ಆಳವಿಲ್ಲದ ಅಡಿಪಾಯದಲ್ಲಿ ಮನೆಯನ್ನು ಕಟ್ಟಿದರೆ ವರ್ಷಕ್ಕೊಮ್ಮೆ ನೆಲವು ಗೋಡೆಯನ್ನೆತ್ತಿ ಇಳಿಸುತ್ತದೆ, ಗೋಡೆ ಸೀಳುತ್ತದೆ. ಮಳೆಗಾಲದಲ್ಲಿ ಎರೆಯ ದಾರಿಯಲ್ಲಿ ಗಾಡಿಯೂ ಸಾಗದು, ಮನುಷ್ಯನೂ ಸಾಗಲಾರ. ಮಡ್ಡಿಯಾದರೋ ಗಟ್ಟಿ ನೆಲ. ಬೀಳಗಿ, ಮುಧೋಳಗಳ ಕಡೆಗೆ ಕಲಾದಗಿ ಶ್ರೇಣಿಯ ಬೆಣಚುಕಲ್ಲು, ಸುಣ್ಣಕಲ್ಲುಗಳೂ, ಜಮಖಂಡಿಯ ಕಡೆಗೆ ದಖ್ಖನದ ಕರಿಗಲ್ಲೂ ಮೇಲೆದ್ದಿರುವ ಈ ದಿನ್ನೆಗಳಲ್ಲಿ ಅಡಿಪಾಯವು ಅಲುಗದು, ನೀರು ನಿಲ್ಲದು.

ಇದರಿಂದ ಒಂದು ವಿಚಿತ್ರವಾದ ವಿರೋಧವು ಉಂಟಾಗುತ್ತದೆ. ನೀರು ಹೆಚ್ಚು ಹರಡಿ ಸುಂದರವಾಗಿ ಕಾಣುವ ಸ್ಥಳವೇ ಎರೆಯ ಬಯಲು. ಅದೇ ಮನೆ ಕಟ್ಟಲು ಅಯೋಗ್ಯವಾದ ಸ್ಥಳ. ಮನೆ ಕಟ್ಟಲು ಯೋಗ್ಯವಾದ ಮಡ್ಡಿಯು ನೀರಿನಿಂದ ದೂರ, ಎತ್ತರದಲ್ಲಿದೆ. ಆದರೆ ವಿಚಾರಿಸಿ ನೋಡಿದರೆ ಈ ದೂರವೇ ಹಿತಕರವಾದುದು. ಮಡ್ಡಿಯು ನೀರಿಗೆ ಇಳಿದು ಬರುವ ಕೆಲವು ಕಡೆಗಳಲ್ಲಿ ಇಳಿಜಾರು ಹೆಚ್ಚಾಗಿರುವುದರಿಂದ ದಂಡೆಯ ನಡಿಗೆಯೂ ಕಡಿಮೆ. ಮೇಲಿನ ಲೆಕ್ಕದಲ್ಲಿ ಎರಡು ಕಿಲೋಮೀಟರಿಗೆ ಬದಲಾಗಿ ಇನ್ನೂರು ಮೀಟರು ಬಂದುದು ಇಂಥ ನೆಲದಲ್ಲಿಯೇ.

ಹವೆಯನ್ನೂ ಗಮನಿಸಬೇಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಅಂಶಗಳನ್ನು ದಾಟುವ ನಾಡಿದು. ಮಧ್ಯಪಶ್ಚಿಮದವರಿಗೆ ಬೇಸಿಗೆಯೇ ತಂಗುವ ಕಾಲ. ನಮಗೆ ಬೇಸಿಗೆಯೆಂದರೆ ನೀರು ದೂರವಾಗಿ ಬಿಸಿಲು ಹತ್ತಿರವಾಗುವ ಕಾಲ. ಮಳೆಗಾಲದಲ್ಲಿ ನೀರು ಹತ್ತಿರವಿದ್ದರೂ ದಾರಿ ಇರುವುದಿಲ್ಲ. ನವೆಂಬರದಿಂದ ಫೆಬ್ರುವರಿಯವರೆಗೆ ಮಾತ್ರ ಈ ಮೂರೂ ಕೂಡಿಬರುತ್ತವೆ: ನೆಲವು ಒಣಗಿರುತ್ತದೆ, ಹವೆ ತಂಪಾಗಿರುತ್ತದೆ, ನೀರು ಇನ್ನೂ ಬಹಳ ದೂರ ಸರಿದಿರುವುದಿಲ್ಲ. ನೀರು ನಿಧಾನವಾಗಿ ಹಿಂದೆ ಸರಿಯುವಾಗ ಬಿಟ್ಟುಹೋಗುವ ತೆಳುನೀರಿನಲ್ಲಿ ಆಹಾರವು ಸುಲಭವಾಗಿ ದೊರೆಯುವುದರಿಂದ ಈ ಕಾಲದಲ್ಲಿಯೇ ರಾಜಹಂಸಗಳೂ, ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಹಿನ್ನೀರಿನಲ್ಲಿ ಇಳಿಯುತ್ತವೆ.

೫. ದಂಡೆಯ ಮೇಲೆ ಈಗಾಗಲೇ ತಂಗುವವರು

ಈ ನಾಡಿನ ಜನರಿಗೆ ಊರ ಹೊರಗಿನ ತಂಗುವಿಕೆಯು ಹೊಸದೆಂದು ಭಾವಿಸುವುದು ತಪ್ಪು. ಸಂಕ್ರಮಣಕ್ಕೆ ಎಳ್ಳು ಅರಿಸಿನ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದೂ, ಎಳ್ಳ ಅಮಾವಾಸ್ಯೆಗೆ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂಧುಬಳಗದೊಡನೆ ಸಜ್ಜಿರೊಟ್ಟಿ, ಹೋಳಿಗೆ ಉಣ್ಣುವುದೂ ಇಲ್ಲಿಯ ವಿಹಾರದ ರೂಪಗಳೇ. ಈ ಎರಡೂ ಹಬ್ಬಗಳು ನಾವು ಮೇಲೆ ಹೇಳಿದ ನಾಲ್ಕು ತಿಂಗಳುಗಳ ಒಳಗೇ ಬರುತ್ತವೆಂಬುದು ಗಮನಾರ್ಹವಾಗಿದೆ. ಕತ್ತಲಾಗುವುದರೊಳಗೆ ಮನೆಗೆ ಮರಳುವುದರಿಂದ ಇವುಗಳಿಗೆ ಕುಟೀರ ಬೇಕಾಗಲಿಲ್ಲ.

ಆದರೆ ರಾತ್ರಿಯೂ ಬಯಲಿನಲ್ಲಿಯೇ ಇರುವವರು ಉಂಟು. ಮೊದಲನೆಯವರು ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಅವರು ಕುರಿ ತರುಬುತ್ತಾರೆ. ಎಂದರೆ ಗೊಬ್ಬರಕ್ಕಾಗಿ ರಾತ್ರಿ ಕುರಿಗಳನ್ನು ಹೊಲದಲ್ಲಿ ನಿಲ್ಲಿಸುತ್ತಾರೆ. ಅದಕ್ಕೆ ಹೊಲದ ಒಡೆಯನಿಂದ ಕಾಳನ್ನೋ ಹಣವನ್ನೋ ಪಡೆಯುತ್ತಾರೆ. ಕುದುರೆ ಅಥವಾ ಕತ್ತೆಯ ಮೇಲೆ ಸಂಸಾರ, ಸುತ್ತಲೂ ಬಲೆ, ಮೇಲೆ ಕಂಬಳಿ. ಬೆಳಗಾದರೆ ಹಟ್ಟಿಯು ಬೇರೆ ಹೊಲಕ್ಕೆ. ಹಿನ್ನೀರು ಸರಿದಂತೆ ಚಿಗುರುವ ಹುಲ್ಲು ಎಲ್ಲಿ, ಕೆಸರು ಎಲ್ಲಿ, ಗಾಳಿ ಯಾವ ಕಡೆಯದು ಎಂಬುದನ್ನು ಅವರು ಅರಿಯದೆ ಹಟ್ಟಿಯನ್ನು ಹೂಡುವುದಿಲ್ಲ.

ಎರಡನೆಯವರು ಕಬ್ಬು ಕಡಿಯುವ ಗ್ಯಾಂಗಿನವರು. ಈ ತಾಲೂಕುಗಳು ನೀರಾವರಿಯಿಂದ ಕಬ್ಬಿನ ನಾಡಾದ ಮೇಲೆ, ಕಾರ್ಖಾನೆಗಳು ನುರಿಸುವ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಮೊದಲಾದ ಕಡೆಗಳಿಂದಲೂ, ನಮ್ಮದೇ ನಾಡಿನ ತಾಂಡಾಗಳಿಂದಲೂ ಸಂಸಾರಸಹಿತರಾಗಿ ಬರುತ್ತಾರೆ. ಬಾಗಿಸಿದ ಕೋಲು, ಮೇಲೆ ಕಬ್ಬಿನ ರವದಿ ಅಥವಾ ತಾಡಪತ್ರಿ, ಒಳಗೆ ತಗ್ಗಿ ಹೋಗಬೇಕಾದಷ್ಟು ಬಾಗಿಲು. ನಾಲ್ಕೈದು ತಿಂಗಳು ಇದೇ ಅವರ ಮನೆ. ಅಳತೆಯಲ್ಲಿ ಇದು ಮಿನ್ನೆಸೋಟಾದ ಒಂಟಿಕೋಣೆಯ ಕುಟೀರಕ್ಕಿಂತ ಬಹಳ ಭಿನ್ನವಲ್ಲ. ಆದರೆ ಅಲ್ಲಿಗೆ ಹೋಗುವವನು ಸಕಲ ಅನುಕೂಲಗಳನ್ನು ಕೆಲವು ದಿನ ಬಿಟ್ಟಿರಲು ಹೋಗುತ್ತಾನೆ. ಇಲ್ಲಿಗೆ ಬರುವವರಿಗೆ ಬಿಡಲು ಅಂಥದೇನೂ ಇರುವುದಿಲ್ಲ. ಕುಡಿಯುವ ನೀರು, ಶೌಚಾಲಯ, ಮಕ್ಕಳ ಶಾಲೆ, ರವದಿಗೆ ಬೆಂಕಿ ತಗಲದಂತೆ ಒಲೆಗೆ ಪ್ರತ್ಯೇಕ ಸ್ಥಳ, ಇವು ಪ್ರವಾಸಿಗನ ಕುಟೀರಕ್ಕೆ ಬೇಕಾದುವುಗಳೇ; ಇವರಿಗೆ ಅವು ಅವನಿಗಿಂತ ಮೊದಲು ಬೇಕು.

ಮೂರನೆಯವರು ಒಲ್ಲದೆ ತಂಗಿದವರು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳು ಒಟ್ಟಿಗೆ ಉಕ್ಕಿದಾಗ ಹೊಳೆಸಾಲಿನ ಜನರು ಮೊದಲು ಶಾಲೆಗಳಲ್ಲಿಯೂ, ಬಳಿಕ ಹಲವರು ಪತ್ರಾಸ ಶೆಡ್ಡುಗಳಲ್ಲಿಯೂ ಇರಬೇಕಾಯಿತು. ಕಬ್ಬಿಣದ ತಗಡಿನ ಮಾಡು ಹಗಲಿನಲ್ಲಿ ಎಷ್ಟು ಕಾಯುವುದೆಂಬುದನ್ನು ಅಲ್ಲಿ ಇದ್ದವರೇ ಬಲ್ಲರು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಯಿಂದ ಬಂದವರಿಗೆ ಅದು ಇನ್ನೂ ಅಸಹ್ಯವಾದುದು. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಮತ್ತೊಂದು ತೊಂದರೆಯಿದೆ. ಕುಣಿಮಗ್ಗವನ್ನು ನೆಲದಲ್ಲಿಯೇ ಹೂಡಿರುವುದರಿಂದ ಅದನ್ನು ಎತ್ತಿಕೊಂಡು ಹೋಗುವಂತಿಲ್ಲ. ಕುಣಿಯಲ್ಲಿ ನೀರು ನಿಂತರೆ ಮನೆಯೊಡನೆ ದುಡಿಮೆಯೂ ನಿಲ್ಲುತ್ತದೆ. ಕುರಿಗಾರನ ಹಟ್ಟಿಯೂ ನೇಕಾರನ ಮಗ್ಗವೂ ಈ ವಿಷಯದಲ್ಲಿ ಎರಡು ತುದಿಗಳು.

ಜಮಖಂಡಿ ತಾಲೂಕಿನ ಕಂಕಣವಾಡಿ, ಮುತ್ತೂರುಗಳ ನಡುಗಡ್ಡೆಗಳನ್ನೂ ಇಲ್ಲಿ ನೆನೆಯಬೇಕು. ನೀರು ಏರಿದಾಗ ಅಲ್ಲಿಯ ಹೊಲಗಳಿಗೆ ದೋಣಿಯಲ್ಲಿ ಹೋಗಿಬರುವುದು ರೈತರಿಗೆ ವಿಹಾರವಲ್ಲ, ನಿತ್ಯದ ಕಷ್ಟ. ಕೃಷ್ಣೆಯಲ್ಲಿ ಮೊಸಳೆಗಳೂ ಇರುವುದರಿಂದ ದಂಡೆಯಲ್ಲಿ ಬಟ್ಟೆ ಒಗೆಯುವವರೂ, ದನ ಮೈತೊಳೆಯುವವರೂ ಎಚ್ಚರದಿಂದಿರುತ್ತಾರೆ. ದೂರದಿಂದ ಬಂದವನಿಗೆ ನೋಟವಾಗಿ ತೋರುವ ನೀರು ದಂಡೆಯವನಿಗೆ ದಾರಿಯೂ ಅಡ್ಡಿಯೂ ಆಗಿದೆಯೆಂಬುದನ್ನು ಯೋಜಕರು ಮರೆಯಬಾರದು.

೬. ಕಬಿನಿಯ ದೃಷ್ಟಾಂತ

ಹಾಗಾದರೆ ನಡೆಯುವ ದಂಡೆಯ ಬಳಿಯಲ್ಲಿ ತಂಗುಮನೆಯೇ ಅಸಾಧ್ಯವೇ? ಹಾಗೇನೂ ಇಲ್ಲ. ಕರ್ನಾಟಕದ ದಕ್ಷಿಣದಲ್ಲಿರುವ ಕಬಿನಿಯ ಜಲಾಶಯವು ಇದಕ್ಕೆ ಉತ್ತಮ ದೃಷ್ಟಾಂತ. ೧೯೭೪ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಹಿನ್ನೀರು ನಾಗರಹೊಳೆ, ಬಂಡೀಪುರಗಳ ಕಾಡುಗಳ ನಡುವೆ ಹರಡಿದೆ. ೧೯೮೦ರಲ್ಲಿ ಸ್ಥಾಪಿತವಾದ ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಅಲ್ಲಿಯ ಕಾರಾಪುರದಲ್ಲಿ, ಹಿಂದೆ ಮೈಸೂರು ಅರಸರ ಬೇಟೆಯ ಬಿಡಾರವಿದ್ದ ಸ್ಥಳದಲ್ಲಿ, ತಂಗುಮನೆಗಳನ್ನು ನಡೆಸುತ್ತದೆ.

ಅಲ್ಲಿಯೂ ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ. ಆದರೆ ಸರಿದ ನೀರು ಬಿಟ್ಟುಹೋದ ತೇವದ ನೆಲದಲ್ಲಿ ಹಸಿ ಹುಲ್ಲು ಬೆಳೆಯುತ್ತದೆ; ಕಾಡೆಲ್ಲವೂ ಒಣಗಿರುವ ಆ ಕಾಲದಲ್ಲಿ ಹುಲ್ಲಿಗಾಗಿಯೂ ನೀರಿಗಾಗಿಯೂ ಆನೆಗಳು ನೂರಾರು ಸಂಖ್ಯೆಯಲ್ಲಿ ದಂಡೆಗೆ ಇಳಿಯುತ್ತವೆ. ಪ್ರವಾಸಿಗರು ಬರುವುದೂ ಅದನ್ನು ನೋಡಲೆಂದೇ. ದಂಡೆಯ ನಡಿಗೆಯು ಅಲ್ಲಿ ದೋಷವಾಗದೆ ಆಕರ್ಷಣೆಯೇ ಆಗಿದೆ. ಮನೆಗಳು ತುಂಬಿದ ನೀರಿನ ಗೆರೆಯಿಂದ ಮೇಲಿವೆ. ಅಂಚಿಗೆ ಹೋಗುವುದು ದೋಣಿಯಲ್ಲಿ ಅಥವಾ ವಾಹನದಲ್ಲಿ.

ಆದರೂ ಕಬಿನಿಯನ್ನು ಹಾಗೆಯೇ ಬೀಳಗಿಗೆ ತರುವಂತಿಲ್ಲ. ಅಲ್ಲಿ ಸರಿದ ನೆಲಕ್ಕೆ ಇಳಿಯುವುದು ಆನೆ. ಇಲ್ಲಿ ಇಳಿಯುವವನು ರೈತ. ಆಲಮಟ್ಟಿಗಾಗಿ ಭೂಮಿಯನ್ನು ಕಳೆದುಕೊಂಡವರು ಅನೇಕ ಸಾವಿರ; ಹಳೆಯ ಬಾಗಲಕೋಟೆಯ ಒಂದು ಭಾಗವೇ ಮುಳುಗಡೆಯಾಗಿ ನವನಗರವನ್ನು ಕಟ್ಟಬೇಕಾಯಿತು. ಸರಿದ ನೀರಿನ ಹಿಂದೆ ಹೊರಬೀಳುವ ಭೂಮಿಯು ಸರಕಾರದ ಸ್ವಾಧೀನಕ್ಕೆ ಹೋದುದಾದರೂ ತೇವವಿರುವಾಗ ಅದರಲ್ಲಿ ಬಿತ್ತಿ ಒಂದು ಬೆಳೆ ತೆಗೆಯುವವರುಂಟು, ದನಕರು ಮೇಯಿಸುವವರುಂಟು. ಪ್ರವಾಸಿಗನಿಗೆ ಖಾಲಿಯಾಗಿ ಕಾಣುವ ಆ ನೆಲವು ಯಾರದೋ ಹಳೆಯ ಹೊಲ, ಯಾರದೋ ಮನೆಯ ಪಾಯ. ತಂಗುಮನೆಯನ್ನು ಯೋಜಿಸುವವರು ಮೊದಲು ಅವರನ್ನು ಕೇಳಬೇಕು. ಅದರ ಲಾಭದಲ್ಲಿ ಮೊದಲ ಪಾಲೂ ಅವರಿಗೇ ಸಲ್ಲಬೇಕು.

೭. ಮುಂದೆ ಬರಲಿರುವ ಗೆರೆ

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಈಗ ಹೇಳಬೇಕಾಗಿದೆ. ೫೧೯.೬೦ ಮೀಟರು ಎಂಬುದು ಆಲಮಟ್ಟಿಯ ಕೊನೆಯ ಗೆರೆಯಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ನೀರನ್ನು ೫೨೪.೨೫೬ ಮೀಟರಿನವರೆಗೆ ನಿಲ್ಲಿಸಬೇಕೆಂಬ ಉದ್ದೇಶವಿದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ೨೦೧೦ರ ತೀರ್ಪಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದರಿಂದ ಸುಮಾರು ೭೫ ಸಾವಿರ ಎಕರೆ ಭೂಮಿ ಮುಳುಗುವುದೆಂದು ಲೆಕ್ಕ ಹಾಕಿದ್ದಾರೆ. ೨೦೨೫ರ ಸೆಪ್ಟೆಂಬರದಲ್ಲಿ ರಾಜ್ಯದ ಸಚಿವ ಸಂಪುಟವು ಈ ಭೂಮಿಗೆ ಪರಿಹಾರವಾಗಿ ಎಕರೆಗೆ ನೀರಾವರಿ ಜಮೀನಿಗೆ ೪೦ ಲಕ್ಷ, ಒಣಬೇಸಾಯದ ಜಮೀನಿಗೆ ೩೦ ಲಕ್ಷ ರೂಪಾಯಿಗಳ ದರವನ್ನು ನಿರ್ಧರಿಸಿತು.

ಎರಡು ಗೆರೆಗಳ ನಡುವಿನ ಅಂತರ ೪.೬೫೬ ಮೀಟರು. ನಮ್ಮ ಹಿಂದಿನ ಲೆಕ್ಕವನ್ನೇ ಮತ್ತೆ ಮಾಡಿದರೆ, ಇಪ್ಪತ್ತಕ್ಕೊಂದು ಇಳಿಜಾರಿನಲ್ಲಿ ದಂಡೆಯು ಸುಮಾರು ೯೩ ಮೀಟರು ಮೇಲಕ್ಕೆ ಬರುತ್ತದೆ. ಇನ್ನೂರಕ್ಕೊಂದು ಇಳಿಜಾರಿನಲ್ಲಿ ಸುಮಾರು ೯೩೧ ಮೀಟರು. ಆದುದರಿಂದ ಇಂದಿನ ತುಂಬಿದ ನೀರಿನ ಅಂಚಿನಿಂದ ಮಿನ್ನೆಸೋಟಾದ ನಿಯಮದಂತೆ ೧೫೦ ಅಡಿ ಬಿಟ್ಟು ಕಟ್ಟಿದ ಮನೆಯೂ ಆ ದಿನ ನೀರಿನಲ್ಲಿಯೇ ಇರುತ್ತದೆ. ಅಲ್ಲಿಯ ನಿಯಮದ ಅಂಕಿಗಳು ನಮಗೆ ಒದಗವು. ಅದರ ತತ್ತ್ವವು ಮಾತ್ರ ಒದಗುತ್ತದೆ. ನಮ್ಮ ‘ಉಚ್ಚ ಜಲಮಟ್ಟ’ವನ್ನು ೫೧೯.೬೦ ಎಂದಲ್ಲ, ೫೨೪.೨೫೬ ಎಂದೇ ತಿಳಿದು, ಅದರ ಮೇಲೆ ನೆರೆಯ ಏರಿಕೆಗೂ ಸ್ಥಳವಿಟ್ಟು ಅಳೆಯಬೇಕು.

ಹಿನ್ನೀರಿನಲ್ಲಿ ಸ್ಥಿರವಸ್ತುವನ್ನು ಉಳಿಸಬೇಕಾದರೆ ಏನು ಮಾಡಬೇಕಾಗುವುದೆಂಬುದಕ್ಕೆ ಆಲಮಟ್ಟಿಯ ಕೆಳಗಿರುವ ಕೂಡಲಸಂಗಮವನ್ನು ನೋಡಬಹುದು. ನಾರಾಯಣಪುರದ ಹಿನ್ನೀರು ಅಲ್ಲಿಗೆ ಬರುವುದರಿಂದ ಬಸವಣ್ಣನವರ ಐಕ್ಯಸ್ಥಳದ ಸುತ್ತಲೂ ಬಾವಿಯಂತೆ ಆಳವಾದ ಗೋಡೆಯನ್ನು ಕಟ್ಟಿ, ನೀರನ್ನು ಹೊರಗೆ ನಿಲ್ಲಿಸಿದ್ದಾರೆ. ನಾಡಿನ ಶ್ರದ್ಧೆಯ ಸ್ಥಳವೊಂದಕ್ಕಾಗಿ ಅಷ್ಟು ಮಾಡುವುದು ಯೋಗ್ಯವೇ. ಪ್ರವಾಸಿಗನ ಕುಟೀರಕ್ಕಾಗಿ ಯಾರೂ ಗೋಡೆ ಕಟ್ಟುವುದಿಲ್ಲ, ಕಟ್ಟಲೂ ಬಾರದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾಲ್ಕು ನಿಯಮಗಳನ್ನು ಹೇಳಬಹುದಾಗಿದೆ. ಒಂದು, ಸ್ಥಿರವಾಗಿ ಕಟ್ಟಬೇಕಾದುದನ್ನು ಮಡ್ಡಿಯ ಮೇಲೆ, ಮುಂದೆ ಬರಲಿರುವ ಗೆರೆಯಿಂದ ಎತ್ತರದಲ್ಲಿ ಮಾತ್ರ ಕಟ್ಟಬೇಕು. ಎರಡು, ನೀರಿನ ಹತ್ತಿರ ಇರಬೇಕಾದುದು ಕುರಿಗಾರನ ಹಟ್ಟಿಯಂತೆ ಕಿತ್ತು ಒಯ್ಯುವಂಥದಿರಬೇಕು. ನವೆಂಬರದಲ್ಲಿ ಹೂಡಿ, ನೀರಿನೊಡನೆ ಇಳಿದು, ಫೆಬ್ರುವರಿಯ ಕೊನೆಗೆ ಎತ್ತಿಡಬೇಕು. ಮೂರು, ಮಾಡು ತಗಡಿನದಾಗಬಾರದು. ಈ ನಾಡಿನ ಬಿಸಿಲಿಗೆ ಮಣ್ಣು, ಕಲ್ಲು, ಹುಲ್ಲುಗಳೇ ಹಿತ. ನಾಲ್ಕು, ದಂಡೆಯ ಮೇಲೆ ಈಗಾಗಲೇ ಇರುವವರಿಗೆ ನೀರು, ಶೌಚ, ನೆರಳುಗಳನ್ನು 

ಒದಗಿಸದೆ ಹೊಸಬರಿಗೆ ಒದಗಿಸುವುದು ನ್ಯಾಯವಲ್ಲ.

ಈ ಭಾಗದ ಕಾಲೇಜುಗಳ ಭೂಗೋಲದ ವಿದ್ಯಾರ್ಥಿಗಳು ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ಬೀಳಗಿ ಅಥವಾ ಜಮಖಂಡಿ ತಾಲೂಕಿನ ಯಾವುದಾದರೂ ಒಂದು ಊರಿನ ಬಳಿ, ಪ್ರತಿ ತಿಂಗಳ ಒಂದೇ ತಾರೀಖಿಗೆ ಹೋಗಿ ನೀರಿನ ಅಂಚಿಗೆ ಒಂದೊಂದು ಗೂಟವನ್ನು ಹೂಡಬೇಕು. ಗೂಟದಿಂದ ಗೂಟಕ್ಕೆ ಇರುವ ದೂರವನ್ನು ಅಳೆದು, ಅದೇ ದಿನದ ಜಲಾಶಯದ ಮಟ್ಟವನ್ನು ಪತ್ರಿಕೆಗಳಿಂದ ಬರೆದುಕೊಳ್ಳಬೇಕು. ಅಂಚಿಗೆ ಇಳಿಯುವಾಗ ಊರವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಅವಶ್ಯ. ಹನ್ನೆರಡು ತಿಂಗಳಲ್ಲಿ ಆ ಊರಿನ ದಂಡೆಯ ನಡಿಗೆಯ ನಕ್ಷೆಯು ಸಿದ್ಧವಾಗುತ್ತದೆ. ಆ ಗೂಟಗಳ ನಡುವಿನ ಹೊಲಗಳು ಮೊದಲು ಯಾರವಾಗಿದ್ದುವು, ಅಲ್ಲಿ ಏನನ್ನು ಬೆಳೆಯುತ್ತಿದ್ದರು ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಬರೆದಿಡುವುದೂ ಅಷ್ಟೇ ಅಗತ್ಯ. ತಂಗುಮನೆಗಳು ಬರಲಿ, ಬಾರದಿರಲಿ, ಮುಂದಿನ ಗೆರೆಯು ಏರಿದ ಮೇಲೆ ಈ ವಿಷಯಗಳನ್ನು ಅಳೆಯಲು ನೆಲವಿರುವುದಿಲ್ಲ. ಹೇಳಲು ಆ ಹಿರಿಯರೂ ಇರಲಾರರು.